ಹಳೇ ಪಿಕಪ್ ಇದ್ದವರಿಗೆ: ಕೋಲಾರದ ಬೋರ್ಡಿಲ್ಲದ ಗ್ಯಾರೇಜು ಹೇಗಿದೆ?

ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುವ ಗಾಡಿಗಳಲ್ಲಿ 10–15 ವರ್ಷ ದಾಟಿದ ಪಿಕಪ್‌ಗಳೇನೂ ಕಮ್ಮಿ ಇಲ್ಲ. ಇಂಥ ಗಾಡಿಗೆ ಫಳಫಳ ಹೊಳೆಯುವ ಶೋರೂಮ್ ಬೇಕಿಲ್ಲ, ಕಿವಿ ಇರುವ ಮೇಸ್ತ್ರಿ ಬೇಕು. ಮುಳಬಾಗಿಲು ಕಡೆ ಹೋಗುವ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಹುಣಸೆ ಮರದ ಕೆಳಗೆ ತಗಡಿನ ಶೆಡ್ ಒಂದಿದೆ, ಬೋರ್ಡ್ ಇಲ್ಲ. ನಮ್ಮ ಡೀಸೆಲ್ ಪಿಕಪ್ ಈಗ ಅಲ್ಲಿಗೇ ಹೋಗುವುದು.

ಮೊದಲ ಸಲ ಹೋಗಿದ್ದು ಹೀಟ್ ಸಮಸ್ಯೆಗೆ. ಲೋಡ್ ಹಾಕಿ ಏರು ಹತ್ತಿದರೆ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತಿತ್ತು, ಖಾಲಿ ಬರುವಾಗ ಏನೂ ಇಲ್ಲ. ಬೇರೊಂದು ಕಡೆ ತೋರಿಸಿದ್ದಕ್ಕೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗ್) ಹೋಗಿದೆ, ಹೆಡ್ ಇಳಿಸಬೇಕು, ₹25,000 ಆಗುತ್ತೆ ಅಂದಿದ್ದರು. ಇಲ್ಲಿ ಮೇಸ್ತ್ರಿ ಸ್ಪ್ಯಾನರ್ ಮುಟ್ಟಲೇ ಇಲ್ಲ. "ಹೆಡ್ಡು ಬಿಚ್ಚೋ ಮಾತು ಆಮೇಲೆ, ಮೊದಲು ಸ್ಟಾರ್ಟ್ ಮಾಡಣ್ಣ" ಅಂದರು. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು, ನೀರಲ್ಲಿ ಗುಳ್ಳೆ ಏಳುತ್ತಾ ಅಂತ ನೋಡುತ್ತಾ ನಿಂತರು, ಗ್ಯಾಸ್ಕೆಟ್ ಹೋಗಿದ್ದರೆ ಏಳುತ್ತೆ. ಏಳಲಿಲ್ಲ. ಡಿಪ್‌ಸ್ಟಿಕ್ ಎಳೆದು ಆಯಿಲ್ ಬೆರಳಲ್ಲಿ ಉಜ್ಜಿದರು. ನೀರು ಸೇರಿದ್ದರೆ ಬೆಳ್ಳಗೆ ಹಾಲು ಬೆರೆತ ಹಾಗೆ ಇರುತ್ತೆ, ಅದೂ ಇರಲಿಲ್ಲ. ಆಮೇಲೆ ಇಂಜಿನ್ ಚೆನ್ನಾಗಿ ಬಿಸಿಯಾಗಲು ಬಿಟ್ಟು, ಆಫ್ ಮಾಡಿಸಿ, ರೇಡಿಯೇಟರ್ ಮುಖದ ಮೇಲೆ ಅಂಗೈ ಆಡಿಸುತ್ತಾ ಬಂದರು. ಮೇಲೆಲ್ಲ ಕೈ ಇಡೋಕಾಗದಷ್ಟು ಬಿಸಿ, ಕೆಳಗೆ ಎಡ ಮೂಲೆಯಲ್ಲಿ ಮಾತ್ರ ಗೇಣಗಲ ಜಾಗ ಉಗುರುಬೆಚ್ಚಗೆ. ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. ಒಳಗೆ ಟ್ಯೂಬ್ ಕಟ್ಟಿಕೊಂಡಿದೆ, ಅಲ್ಲಿ ನೀರೇ ಓಡುತ್ತಿಲ್ಲ.

ನಮ್ಮ ಕಡೆ ಇದು ಹೊಸದೇನಲ್ಲ. ಕೋಲಾರದ ಬೋರ್‌ವೆಲ್‌ಗಳು 1,000 ಅಡಿ ದಾಟಿ ಎಷ್ಟೋ ಕಾಲ ಆಯಿತು, ನೀರು ಗಡಸು, ಮನೆಯ ಗೀಸರ್ ಕಾಯಿಲ್‌ಗೇ ಬಿಳಿ ಉಪ್ಪು ಹಿಡಿದು ಕೂತಿರುತ್ತೆ. ಅದೇ ನೀರನ್ನು ಡ್ರೈವರ್‌ಗಳು ರೇಡಿಯೇಟರ್‌ಗೆ ಸುರಿಯುತ್ತಾರೆ, ಇನ್ನೇನಾಗುತ್ತೆ? ನಮ್ಮದು ತಾಮ್ರ-ಹಿತ್ತಾಳೆಯ ಹಳೇ ರೇಡಿಯೇಟರ್, ಹಾಗಾಗಿ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿಸಿ ಒಂದೊಂದು ಟ್ಯೂಬ್‌ಗೂ ತೆಳ್ಳನೆ ಪಟ್ಟಿ ಹಾಕಿ ಕೆರೆಸಿದರು. ಬಂದ ಕಸ ನೋಡಬೇಕಿತ್ತು, ತುಕ್ಕಿನ ಬಣ್ಣದ ಸುಣ್ಣದ ಚಕ್ಕೆಗಳು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ಆಗಿದ್ದರೆ ಹೀಗೆ ಕೆರೆಯೋಕಾಗಲ್ಲ, ಹೊಸದೇ ಹಾಕಬೇಕು.

ಕ್ಯಾಪ್ ಕೂಡ ಬದಲಾಯಿಸಿದರು. ಕ್ಯಾಪ್ ಅಂದರೆ ಸುಮ್ನೆ ಮುಚ್ಚಳ ಅಂದುಕೊಳ್ಳುವವರೇ ಜಾಸ್ತಿ. ಅದು ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟರೆ ನೀರು 115 ಡಿಗ್ರಿ ದಾಟುವವರೆಗೂ ಕುದಿಯಲ್ಲ. ರಬ್ಬರ್ ಗಟ್ಟಿಯಾಗಿ ಒತ್ತಡ ಸೋರಿದರೆ ಬೇಗ ಕುದಿದು ಉಕ್ಕುತ್ತೆ, ಬೈಗುಳ ಮಾತ್ರ ಗ್ಯಾಸ್ಕೆಟ್‌ಗೆ. ಹಿಂದೆ ಯಾರೋ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ಕಿತ್ತು ಹಾಕಿದ್ದರು, ಹೀಟ್ ಅಂದ ತಕ್ಷಣ ಎಲ್ಲರೂ ಮಾಡುವ ಕೆಲಸ ಅದು. ಇವರು ಹೊಸದು ಕೂರಿಸಿದರು. ಅದಿಲ್ಲದಿದ್ದರೆ ಇಂಜಿನ್ ಬೇಕಾದಷ್ಟು ಬಿಸಿಗೆ ಬರೋದೇ ತಡ, ಡೀಸೆಲ್ ಜಾಸ್ತಿ ಕುಡಿಯುತ್ತೆ. ಕೂಲಂಟ್ ಸೇರಿ ಎಲ್ಲ ₹4,000 ಒಳಗೇ ಮುಗಿಯಿತು.

ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೆಲಸವೂ ಇಲ್ಲೇ ಚೆನ್ನಾಗಿ ಆಗುತ್ತೆ. 15 ಕೆಜಿಯ 120 ಕ್ರೇಟ್ ಅಂದರೆ 1,800 ಕೆಜಿ, ಇಷ್ಟು ಹೇರಿದರೆ ಪ್ಲೇಟ್ ಕಟ್ ಆಗದೆ ಇನ್ನೇನು? ಇವರ ಒಳ್ಳೆ ಗುಣ ಅಂದರೆ ಪ್ಲೇಟ್ ಹಾಕಿ ಕಳಿಸಿ ಸುಮ್ಮನಾಗಲ್ಲ, ಎರಡು-ಮೂರು ಲೋಡ್ ಆದ ಮೇಲೆ ವಾಪಸ್ ಕರೆಸಿ, ಪ್ಲೇಟುಗಳನ್ನು ಆಕ್ಸಲ್‌ಗೆ ಹಿಡಿದಿಡುವ ಯೂ ಬೋಲ್ಟ್ ಮತ್ತೆ ಬಿಗಿ ಮಾಡುತ್ತಾರೆ, ಅದಕ್ಕೆ ದುಡ್ಡು ಕೇಳಲ್ಲ. ಯೂ ಬೋಲ್ಟ್ ಸಡಿಲವಾದರೆ ನಡುವಿನ ಸೆಂಟರ್ ಬೋಲ್ಟ್ ಮೇಲೆ ಭಾರ ಬಿದ್ದು ಮುರಿಯುತ್ತೆ, ಆಕ್ಸಲ್ ಜರುಗುತ್ತೆ, ಗಾಡಿ ಏಡಿ ಹಾಗೆ ಓರೆ ಓಡುತ್ತೆ. ಮುಂದೆ ಹೋಗುವ ಪಿಕಪ್‌ನ ಹಿಂದಿನ ಚಕ್ರ ಒಂದು ಪಕ್ಕಕ್ಕೆ ಕಂಡರೆ ಇದೇ ಅಂತ ತಿಳಿಯಿರಿ.

ಕ್ಲಚ್ ಬಿಟ್ಟಾಗ ಕೆಳಗೆ ಟಕ್ ಅಂತಿತ್ತು, ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಕೀಲಿನ ಕ್ರಾಸ್ ಹೊಸದು ಹಾಕಿದರು, ಹೋಯಿತು. ಕಪ್ಪು ಹೊಗೆಗೆ ಏರ್ ಫಿಲ್ಟರ್ ಬಿಚ್ಚಿ ಮಣ್ಣು ಉದುರಿಸಿ ತೋರಿಸಿದರು, ಡೀಸೆಲ್ ಪಂಪ್ ಕೆಲಸ ಬೇಕು ಅಂತ ಹೆದರಿಸಲಿಲ್ಲ. ಬ್ರೇಕ್ ಮಾಸ್ಟರ್ ಸಿಲಿಂಡರ್ ಕಿಟ್ ಹಾಕುವಾಗ ಹಳೇ ಫ್ಲೂಯಿಡ್ ಪೂರ್ತಿ ಚೆಲ್ಲಿಸಿದರು. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ, ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತೆ.

ಈಗ ಬೇಜಾರಿನ ವಿಷಯ. ಬಿಲ್ ಕೊಡಲ್ಲ, ಒಂದು ಚೀಟಿಯಲ್ಲಿ ಲೆಕ್ಕ ಬರೆದು ಕೊಡುತ್ತಾರೆ, ಅದೂ ಗ್ರೀಸ್ ಕೈಯಲ್ಲಿ. ಸಂಜೆ ಕೊಡುತ್ತೇನೆ ಅಂದರೆ ನಾಳೆ ಮಧ್ಯಾಹ್ನ ಅಂತ ಇಟ್ಟುಕೊಳ್ಳಿ. ಹುಡುಗರ ಕೈಗೆ ಬಿಟ್ಟ ಕೆಲಸ ಒಮ್ಮೊಮ್ಮೆ ಅರೆಬರೆ, ನಮ್ಮ ಗಾಡಿಯ ಬ್ಯಾಟರಿ ಅರ್ಥ್ ವೈರ್ ಸಡಿಲ ಬಿಟ್ಟಿದ್ದರು, ಬೆಳಗಿನ ಜಾವ ಲೋಡ್ ಹಾಕಿ ನಿಂತಾಗ ಸೆಲ್ಫ್ ತಿರುಗಲಿಲ್ಲ. ಕಾಮನ್ ರೈಲ್ (ಕಂಪ್ಯೂಟರ್ ನಡೆಸುವ ಹೊಸ ಬಗೆಯ ಡೀಸೆಲ್) ಇಂಜಿನ್‌ನ ಸೆನ್ಸರ್ ಕಂಪ್ಲೇಂಟ್ ತೆಗೆದುಕೊಂಡು ಇಲ್ಲಿಗೆ ಬರಬೇಡಿ. ಸ್ಕ್ಯಾನರ್ ಇಲ್ಲ, ಅವರೇ ಬೇಡ ಅಂತಾರೆ. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿ ಆದರೆ ಧೈರ್ಯವಾಗಿ ಬಿಡಿ.

ಜೂನ್, ಜುಲೈನಲ್ಲಿ ಟೊಮೆಟೊ ಜೋರಿದ್ದಾಗ ಮರದ ಕೆಳಗೆ ಜಾಗ ಸಿಗಲ್ಲ. ಆ ತಿಂಗಳಲ್ಲಿ ಬೆಳಗ್ಗೆ ಎಂಟಕ್ಕೆ ಮುಂಚೆ ಹೋಗಿ. ಸ್ಪೇರ್ ಪಾರ್ಟ್ಸ್ ನೀವೇ ತಂದುಕೊಟ್ಟರೂ ಅವರು ಮುಖ ಗಂಟಿಕ್ಕಲ್ಲ, ಆದರೆ ಡೂಪ್ಲಿಕೇಟ್ ತಂದರೆ ಹಾಕದೆ ವಾಪಸ್ ಕೈಗಿಡುತ್ತಾರೆ.