ಊರಿಗೆ ಹೊರಡುವ ಮುನ್ನ ಮನೆ ಖಾಲಿ ಮಾಡಲು: ಯಾರ್ಡ್ ಸೇಲ್, ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್‌ಗಳಲ್ಲಿ ಯಾವುದು ಯಾವುದಕ್ಕೆ?

ಅಮೆರಿಕ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಹೊರಟ ಕುಟುಂಬಕ್ಕೆ ಮನೆ ಸಾಮಾನು ಕರಗಿಸಲು ನಾಲ್ಕು ದಾರಿಗಳಿವೆ: ಮನೆ ಮುಂದೆ ಹರಡಿಕೊಂಡು ಮಾರುವ ಯಾರ್ಡ್ ಸೇಲ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ವೆಬ್‌ಸೈಟ್ ಮತ್ತು ದಾನ. ನಾಲ್ಕೂ ಬೇಕಾಗುತ್ತವೆ. ಆದರೆ ಯಾವ ಸಾಮಾನು ಯಾವ ದಾರಿಗೆ ಎಂದು ಮೊದಲೇ ವಿಂಗಡಿಸಿಕೊಳ್ಳದಿದ್ದರೆ ದುಡ್ಡೂ ಹೋಗುತ್ತದೆ, ವಾರಾಂತ್ಯವೂ ಹೋಗುತ್ತದೆ. ಸುಮಾರು 20 ಡಾಲರ್‌ನ ಒಳಗಿನದು ಯಾರ್ಡ್ ಸೇಲ್‌ಗೆ, ಅದಕ್ಕಿಂತ ಮೇಲಿನದು ಮಾರ್ಕೆಟ್‌ಪ್ಲೇಸ್‌ಗೆ. ಚೆನ್ನಾಗಿರುವ ಸೋಫಾವನ್ನು ಹುಲ್ಲಿನ ಮೇಲೆ ತಂದಿಟ್ಟರೆ ಕಾಲು ಭಾಗ ಬೆಲೆಯೂ ಹುಟ್ಟುವುದು ಕಷ್ಟ. ಯಾರ್ಡ್ ಸೇಲ್‌ಗೆ ಬರುವವರು ಜೇಬಿನಲ್ಲಿ ಒಂದು, ಐದು, ಹತ್ತರ ನೋಟು ಇಟ್ಟುಕೊಂಡು ‘ಏನಿದೆಯೋ ನೋಡೋಣ’ ಎಂದು ಬಂದವರು. ಸೋಫಾ ಬೇಕಾದವರು ಅದೇ ಹೊತ್ತಿಗೆ ಅಳತೆ ಟೇಪು ಹಿಡಿದು ಫೋನಿನಲ್ಲಿ ಹುಡುಕುತ್ತಿರುತ್ತಾರೆ.

ಯಾವುದನ್ನು ಮಾರಲೇಬೇಕು ಎಂಬುದನ್ನು ಕರೆಂಟು ತೀರ್ಮಾನಿಸುತ್ತದೆ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ಹಾಗಾಗಿ ಫ್ರಿಜ್, ವಾಷಿಂಗ್ ಮಷಿನ್, ಫ್ಯಾನಿನಂಥವುಗಳ ಮೋಟಾರು ನಿಧಾನವಾಗಿ ತಿರುಗಿ ಬಿಸಿಯಾಗುತ್ತದೆ. ಅಡಾಪ್ಟರ್ ಮೇಲೆ 100–240 ಎಂದು ಬರೆದಿರುವ ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳನ್ನು ಮಾತ್ರ ನಿಶ್ಚಿಂತೆಯಿಂದ ಕೊಂಡೊಯ್ಯಬಹುದು. 110 ವೋಲ್ಟಿನ ವೆಟ್ ಗ್ರೈಂಡರ್ ಮತ್ತು ಮಿಕ್ಸಿ ಬೇರೆಯೇ ಗುಂಪು. ಯಾರ್ಡ್ ಸೇಲ್‌ನಲ್ಲಿ ಇದೇನು ಎಂದು ಕೇಳಿ ಮುಂದೆ ಹೋಗುತ್ತಾರೆ. ಕನ್ನಡ ಕೂಟದ ಅಥವಾ ಬಡಾವಣೆಯ ಭಾರತೀಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರೆ ಸಂಜೆಯೊಳಗೆ ಯಾರಾದರೂ ಕೇಳುತ್ತಾರೆ. ಇಡ್ಲಿ ಸ್ಟ್ಯಾಂಡು, ಪ್ರೆಶರ್ ಕುಕ್ಕರ್, ಸ್ಟೀಲ್ ಡಬ್ಬಿ, ದಸರಾ ಗೊಂಬೆ, ಕನ್ನಡ ಪುಸ್ತಕಗಳಿಗೂ ಅದೇ ದಾರಿ. ರೇಷ್ಮೆ ಸೀರೆಯನ್ನು ಮಾತ್ರ ದಯವಿಟ್ಟು ಹೊರಗೆ ನೇತುಹಾಕಬೇಡಿ. ಅಲ್ಲಿ ಅದು ಕಿಟಕಿ ಪರದೆಯ ಬಟ್ಟೆ, ಐದು ಡಾಲರ್.

ಮಾರ್ಕೆಟ್‌ಪ್ಲೇಸ್ (ನನ್ನ ಅಂಕ: ಐದಕ್ಕೆ ನಾಲ್ಕು)

2016ರಲ್ಲಿ ಶುರುವಾದ ಇದೇ ಈಗ ದೊಡ್ಡ ಸಾಮಾನಿಗೆ ಮೊದಲ ಬಾಗಿಲು. ಎದುರಾಎದುರು ಕೊಟ್ಟು ದುಡ್ಡು ತೆಗೆದುಕೊಳ್ಳುವ ವ್ಯವಹಾರಕ್ಕೆ ಶುಲ್ಕವಿಲ್ಲ. ಕೇಳುತ್ತಿರುವವರ ಪ್ರೊಫೈಲ್ ಎಷ್ಟು ಹಳೆಯದು, ಹಿಂದೆ ಕೊಂಡವರು ಏನು ಹೇಳಿದ್ದಾರೆ ಎಂಬುದು ಕಾಣುತ್ತದೆ. ಇದು ಕ್ರೇಗ್ಸ್‌ಲಿಸ್ಟ್‌ನಲ್ಲಿಲ್ಲ.

ಇಲ್ಲಿಯ ಕಾಟವೆಂದರೆ ‘ಇನ್ನೂ ಇದೆಯಾ?’ ಎಂಬ ಒಂದು ಸಾಲು ಕಳಿಸಿ ಮಾಯವಾಗುವವರು. ಆ ಪ್ರಶ್ನೆಯ ಗುಂಡಿಯನ್ನು ಆ್ಯಪೇ ಕೊಟ್ಟಿರುವುದರಿಂದ ಬೆರಳು ತಾಗಿಸಿದವರೆಲ್ಲ ಗಿರಾಕಿಗಳಲ್ಲ. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಬರೆಯಿರಿ. ಗೀರು, ಕಲೆ ಇರುವ ಜಾಗದ್ದೇ ಒಂದು ಫೋಟೊ ಹಾಕಿ. ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಹೊರಲು ಇಬ್ಬರು ಬೇಕೇ ಎಂಬುದನ್ನೂ ಹೇಳಿ. ಅರ್ಧ ಪ್ರಶ್ನೆಗಳು ಅಲ್ಲಿಗೇ ನಿಲ್ಲುತ್ತವೆ. ಯಾರಿಗೂ ‘ಹೋಲ್ಡ್’ ಮಾಡಬೇಡಿ, ಮೊದಲು ಬಂದು ದುಡ್ಡು ಕೊಟ್ಟವರಿಗೆ ಸಾಮಾನು. ವಿಮಾನಕ್ಕೆ ಆರು ವಾರ ಇರುವಾಗ ಪೀಠೋಪಕರಣ ಹಾಕಿ, ವಾರಕ್ಕೊಮ್ಮೆ ಹತ್ತರಿಂದ ಹದಿನೈದು ಪ್ರತಿಶತ ಇಳಿಸುತ್ತಾ ಬಂದರೆ ಕೊನೆಯ ವಾರ ಯಾರ ಕಾಲೂ ಹಿಡಿಯಬೇಕಾಗಿಲ್ಲ. ಹಾಸಿಗೆ ಮತ್ತು ಊಟದ ಮೇಜನ್ನು ಮಾತ್ರ ಕೊನೆಗೆ ಹಾಕಿ.

ಮೋಸದ ಸಾಮಾನ್ಯ ನಮೂನೆಗಳು ಮೂರು, ಗುರುತಿಟ್ಟುಕೊಳ್ಳಿ. ‘ನೀವು ನಿಜವಾದ ಮನುಷ್ಯರೇ ಎಂದು ನೋಡಲು ಆರು ಅಂಕಿಯ ಕೋಡ್ ಕಳಿಸಿದ್ದೇನೆ, ಹೇಳಿ’ ಎಂದರೆ ನಿಮ್ಮ ನಂಬರಿನಲ್ಲಿ ಗೂಗಲ್ ವಾಯ್ಸ್ (ಇಂಟರ್ನೆಟ್ ಫೋನ್ ನಂಬರ್) ಖಾತೆ ತೆರೆಯುತ್ತಿದ್ದಾರೆ. ‘ಝೆಲ್‌ನಲ್ಲಿ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಸೇವೆ) ಕಳಿಸಿದೆ, ನಿಮ್ಮದು ಬಿಸಿನೆಸ್ ಖಾತೆ ಆಗಬೇಕಂತೆ, 300 ಹೆಚ್ಚಿಗೆ ಹಾಕಿದ್ದೇನೆ, ವಾಪಸ್ ಕಳಿಸಿ’ ಎಂಬ ಇಮೇಲ್ ಬಂದರೆ ದುಡ್ಡೇ ಬಂದಿರುವುದಿಲ್ಲ. ಹೆಚ್ಚಿನ ಮೊತ್ತದ ಚೆಕ್ ಕೊಟ್ಟು ಉಳಿದದ್ದನ್ನು ಸಾಗಿಸುವವನಿಗೆ ಕೊಡಿ ಎನ್ನುವುದು ಮೂರನೆಯದು. ಚೆಕ್ ಬೌನ್ಸ್ ಆಗುವುದು ಕೆಲವು ದಿನಗಳ ನಂತರ. ದುಡ್ಡು ಬಂದಿದೆಯೇ ಎಂಬುದನ್ನು ಇಮೇಲ್‌ನಲ್ಲಲ್ಲ, ಬ್ಯಾಂಕಿನ ಆ್ಯಪ್ ತೆರೆದು ನೋಡಿ.

ಕ್ರೇಗ್ಸ್‌ಲಿಸ್ಟ್ (ಮೂರು) ಮತ್ತು ನೆಕ್ಸ್ಟ್‌ಡೋರ್

1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಕ್ರೇಗ್ಸ್‌ಲಿಸ್ಟ್ ಸಾಮಾನು ಮಾರಲು ಹಿಂದಿನಷ್ಟು ಚುರುಕಿಲ್ಲ. ಆದರೆ ಅದರ ‘ಗ್ಯಾರೇಜ್ ಸೇಲ್’ ವಿಭಾಗ ಇಂದಿಗೂ ಬೇಕು. ಶನಿವಾರ ಬೆಳಿಗ್ಗೆ ಸುತ್ತುವ ಹಳಬರು ಅದರ ನಕ್ಷೆ ನೋಡಿಯೇ ದಾರಿ ಹಾಕಿಕೊಳ್ಳುತ್ತಾರೆ. ಬುಧವಾರ ಅಥವಾ ಗುರುವಾರ ಹಾಕಿ. ‘ತುಂಬಾ ಸಾಮಾನುಗಳಿವೆ’ ಎಂದರೆ ಯಾರೂ ಬರುವುದಿಲ್ಲ. ಡ್ರಿಲ್, ಮಕ್ಕಳ ಸೈಕಲ್ 16 ಇಂಚು, ಲೆಗೊ, ಕ್ಯಾಂಪಿಂಗ್ ಟೆಂಟ್ ಎಂದು ಹೆಸರು ಹೇಳಿ. ನೆಕ್ಸ್ಟ್‌ಡೋರ್ ಎಂಬ ನೆರೆಹೊರೆಯ ಆ್ಯಪ್‌ನಲ್ಲಿ ಇರುವವರೆಲ್ಲ ಅಕ್ಕಪಕ್ಕದವರು. ಗಿಡದ ಕುಂಡ, ಹುಲ್ಲು ಕತ್ತರಿಸುವ ಯಂತ್ರ, ಏಣಿಯಂಥವುಗಳಿಗೆ ಒಳ್ಳೆಯದು, ಮಿಕ್ಕಿದ್ದಕ್ಕೆ ಅಷ್ಟಕ್ಕಷ್ಟೆ.

ಯಾರ್ಡ್ ಸೇಲ್ (ಸಣ್ಣ ಸಾಮಾನಿಗೆ ನಾಲ್ಕೂವರೆ, ದೊಡ್ಡದಕ್ಕೆ ಒಂದು)

ಇದೊಂದು ಅಮೆರಿಕನ್ ಹಬ್ಬವೇ ಸರಿ. ಮಿಷಿಗನ್‌ನ ಅಡಿಸನ್‌ನಿಂದ ಅಲಬಾಮಾದ ಗ್ಯಾಡ್ಸ್‌ಡನ್‌ವರೆಗೆ ಆರು ರಾಜ್ಯಗಳಲ್ಲಿ 690 ಮೈಲಿ ಉದ್ದಕ್ಕೂ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ‘127 ಯಾರ್ಡ್ ಸೇಲ್’ 1987ರಿಂದ ಇದೆ. ನಿಮ್ಮ ಮನೆ ಮುಂದಿನದು ಐದು ಗಂಟೆಯ ವ್ಯಾಪಾರ. ಆ ಐದು ಗಂಟೆಯಲ್ಲಿ ನೂರಾರು ಸಣ್ಣ ಸಾಮಾನುಗಳನ್ನು ಇಷ್ಟು ಬೇಗ ಸಾಗಹಾಕುವ ಬೇರೆ ವಿಧಾನವಿಲ್ಲ. ಇವುಗಳನ್ನೇ ಒಂದೊಂದಾಗಿ ಫೋಟೊ ತೆಗೆದು ಆ್ಯಪ್‌ಗೆ ಹಾಕುತ್ತಾ ಕೂತರೆ ತಿಂಗಳು ಬೇಕು.

ಮೊದಲ ಕೆಲಸ ಅನುಮತಿ. ಡಲ್ಲಾಸ್‌ನಂಥ ಅನೇಕ ನಗರಗಳಲ್ಲಿ ಪರವಾನಗಿ ತೆಗೆದುಕೊಳ್ಳಬೇಕು. ವರ್ಷಕ್ಕೆ ಎಷ್ಟು ಸಲ, ಎಷ್ಟು ದಿನ ಎಂಬ ಮಿತಿಯೂ ಇರುತ್ತದೆ. ನಗರದ ವೆಬ್‌ಸೈಟ್‌ನಲ್ಲಿ ‘ಗ್ಯಾರೇಜ್ ಸೇಲ್’ ಎಂದು ಹುಡುಕಿದರೆ ಸಿಗುತ್ತದೆ. ಎಚ್‌ಒಎ (ಮನೆ ಮಾಲೀಕರ ಸಂಘ) ಇರುವ ಬಡಾವಣೆಯಲ್ಲಿ ನಗರ ಒಪ್ಪಿದರೂ ಸಂಘ ಒಪ್ಪದಿರಬಹುದು. ಅಲ್ಲಿ ವರ್ಷಕ್ಕೆ ಒಂದೆರಡು ಸಲ ಎಲ್ಲರೂ ಸೇರಿ ನಡೆಸುವ ಸಮುದಾಯ ಸೇಲ್ ಇದ್ದರೆ ಅದಕ್ಕೇ ಸೇರಿಕೊಳ್ಳಿ, ಜನ ತಾವಾಗಿ ಬರುತ್ತಾರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ನಿಮ್ಮದಲ್ಲ, ಲೀಸಿಂಗ್ ಆಫೀಸನ್ನು ಕೇಳದೆ ಮೇಜು ಹಾಕಬೇಡಿ. ಮನೆಯಿರುವ ಸ್ನೇಹಿತರ ಡ್ರೈವ್‌ವೇ ಬಳಸಿ ಎರಡು ಮೂರು ಕುಟುಂಬ ಸೇರಿ ನಡೆಸುವುದು ಇದಕ್ಕಿಂತ ಒಳ್ಳೆಯದು. ಬೋರ್ಡಿನ ಮೇಲೆ ‘ಮೂರು ಕುಟುಂಬ’ ಎಂದಿದ್ದರೆ ಕಾರು ನಿಲ್ಲಿಸುವವರೂ ಹೆಚ್ಚು.

ದಿನ ಶನಿವಾರ, ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1. ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ವಾರಾಂತ್ಯಗಳಲ್ಲಿ ಊರೇ ಖಾಲಿ. ಟೆಕ್ಸಸ್, ಅರಿಜೋನಾದಲ್ಲಿ ಬೇಸಿಗೆ ಬಿಸಿಲಿಗೆ ಯಾರೂ ಬರುವುದಿಲ್ಲ. ಏಪ್ರಿಲ್ ಅಥವಾ ಅಕ್ಟೋಬರ್ ನೋಡಿ. ಮಳೆ ಬಂದರೆ ಯಾವ ದಿನ ಎಂಬುದನ್ನೂ ಜಾಹೀರಾತಿನಲ್ಲೇ ಬರೆಯಿರಿ.

ಬೋರ್ಡಿನಲ್ಲಿ ಎಡವುವವರೇ ಹೆಚ್ಚು. ಎ4 ಹಾಳೆಯ ಮೇಲೆ ಪೆನ್ನಿನಲ್ಲಿ ವಿಳಾಸ ಬರೆದು ಅಂಟಿಸಿದರೆ ಗಂಟೆಗೆ 35 ಮೈಲಿಯಲ್ಲಿ ಹೋಗುವವನಿಗೆ ಬಿಳಿ ಚುಕ್ಕೆ ಮಾತ್ರ ಕಾಣುತ್ತದೆ. 18×24 ಇಂಚಿನ ಪ್ಲಾಸ್ಟಿಕ್ ಬೋರ್ಡು, ನೆಲಕ್ಕೆ ಚುಚ್ಚುವ ತಂತಿ ಕಾಲು, ಕನಿಷ್ಠ ನಾಲ್ಕು ಇಂಚಿನ ಕಪ್ಪು ಅಕ್ಷರ. ಬರೆಯಬೇಕಾದದ್ದು ಮೂರೇ: ಯಾರ್ಡ್ ಸೇಲ್, ಶನಿವಾರ 8–1, ದಪ್ಪ ಬಾಣ. ಎಲ್ಲ ಬೋರ್ಡುಗಳೂ ಒಂದೇ ಬಣ್ಣದಲ್ಲಿರಲಿ. ಮೊದಲನೆಯದನ್ನು ನೋಡಿದವನು ಮುಂದೆ ಆ ಬಣ್ಣವನ್ನೇ ಹುಡುಕಿಕೊಂಡು ಬರುತ್ತಾನೆ. ಮುಖ್ಯ ರಸ್ತೆಯಿಂದ ಮನೆಯವರೆಗೆ ಪ್ರತಿ ತಿರುವಿಗೂ ಒಂದು ಬೇಕು. ವಿದ್ಯುತ್ ಕಂಬಕ್ಕೆ, ಟ್ರಾಫಿಕ್ ಫಲಕಕ್ಕೆ ಹೊಡೆಯಬೇಡಿ: ಹೆಚ್ಚಿನ ಕಡೆ ದಂಡವಿದೆ, ಮೊಳೆಗಳು ಲೈನ್‌ಮನ್‌ಗಳಿಗೆ ಅಪಾಯ. ನೆಲ ಗಟ್ಟಿಯಿದ್ದರೆ ರಟ್ಟಿನ ಡಬ್ಬಿಯ ನಾಲ್ಕೂ ಬದಿಗೆ ಬರೆದು ಒಳಗೆ ಕಲ್ಲು ಹಾಕಿಡಬಹುದು, ಮೂಲೆಮನೆಯವರನ್ನು ಕೇಳಿಕೊಂಡು.

ಬೆಲೆ ಚೀಟಿ ಇಲ್ಲದ ಸಾಮಾನನ್ನು ಅಮೆರಿಕನ್ನರು ಕೇಳದೆ ಇಟ್ಟು ಹೋಗುತ್ತಾರೆ. ನಮ್ಮ ಸಂತೆಯಂತೆ ‘ಎಷ್ಟು ಕೊಡ್ತೀರ?’ ಅಲ್ಲಿ ನಡೆಯುವುದಿಲ್ಲ. ಪ್ರತಿಯೊಂದಕ್ಕೂ ಬೆಲೆ ಅಂಟಿಸಿ, ಅದೂ ನೀಲಿ ಪೇಂಟರ್ಸ್ ಟೇಪಿನ ಚೂರಿನಲ್ಲಿ. ಸಾಧಾರಣ ಸ್ಟಿಕರ್ ಪುಸ್ತಕದ ರಕ್ಷಾಪುಟವನ್ನೇ ಕಿತ್ತುಕೊಂಡು ಬರುತ್ತದೆ. ಬಳಸಿದ್ದಕ್ಕೆ ಹೊಸದರ ಬೆಲೆಯ ಹತ್ತರಿಂದ ಮೂವತ್ತು ಪ್ರತಿಶತ. ಮಕ್ಕಳ ಬಟ್ಟೆ 1–3 ಡಾಲರ್, ಪೇಪರ್‌ಬ್ಯಾಕ್ 50 ಸೆಂಟ್‌ನಿಂದ 1 ಡಾಲರ್, ಪಿಂಗಾಣಿ ಬಟ್ಟಲು 1. ಎಲ್ಲ ಬೆಲೆಯೂ ಕಾಲು ಡಾಲರಿನ ಗುಣಕದಲ್ಲಿರಲಿ, 30 ಸೆಂಟ್, 95 ಸೆಂಟ್ ಬೇಡ. ಸಣ್ಣ ನಾಣ್ಯ ಎಣಿಸುತ್ತಾ ಕೂತರೆ ಸಾಲು ನಿಲ್ಲುತ್ತದೆ.

ಚಿಲ್ಲರೆ 100 ಡಾಲರ್ ಸಾಕು: ಕ್ವಾರ್ಟರ್‌ಗಳ ಒಂದು ರೋಲ್ 10, ಒಂದರ ನೋಟು 40, ಐದರವು ಆರು, ಹತ್ತರವು ಎರಡು. ಇದನ್ನು ಡಬ್ಬಿಯಲ್ಲಿ ಮೇಜಿನ ಮೇಲಿಡದೆ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಿ. ಬೋಣಿಯೇ 3 ಡಾಲರ್ ಸಾಮಾನಿಗೆ 100ರ ನೋಟಿನಲ್ಲಿ ಬಂದರೆ ತೆಗೆದುಕೊಳ್ಳಬೇಡಿ: ಖೋಟಾ ಇರಬಹುದು, ಅಸಲಿಯಾದರೂ ನಿಮ್ಮ ಚಿಲ್ಲರೆ ಅಲ್ಲಿಗೆ ಮುಗಿಯಿತು. ವೆನ್ಮೊ (ಇದೂ ಫೋನಿನಲ್ಲಿ ದುಡ್ಡು ಕಳಿಸುವ ಆ್ಯಪ್) ಅಥವಾ ಝೆಲ್‌ನ ಕ್ಯೂಆರ್ ಕೋಡನ್ನು ದೊಡ್ಡದಾಗಿ ಮುದ್ರಿಸಿ ನಿಲ್ಲಿಸಿದರೆ ಕಿರಿಯ ಗಿರಾಕಿಗಳು ‘ನಗದಿಲ್ಲ’ ಎಂದು ಹೋಗುವುದಿಲ್ಲ.

ಜೋಡಣೆಗೂ ಲೆಕ್ಕಾಚಾರವಿದೆ. ಕಾರಿನಿಂದ ಇಣುಕಿ ನೋಡಿ ಮುಂದೆ ಹೋಗುವವರನ್ನು ನಿಲ್ಲಿಸಬೇಕಾದದ್ದು ರಸ್ತೆಯ ಅಂಚು. ಅಲ್ಲಿ ಸೈಕಲ್, ಟೂಲ್‌ಬಾಕ್ಸ್, ಗಾರ್ಡನ್ ಉಪಕರಣ ಇಡಿ, ಬಟ್ಟೆ ಹಿಂದಕ್ಕೆ. ಬಟ್ಟೆಯನ್ನು ನೆಲದ ಮೇಲೆ ರಾಶಿ ಹಾಕಿದರೆ ಯಾರೂ ಬಗ್ಗುವುದಿಲ್ಲ, ಕಂಬಿಗೆ ನೇತುಹಾಕಿ ಸೈಜ್ ಬರೆಯಿರಿ. ಆರು ಅಡಿಯ ಮಡಚುವ ಮೇಜು ಮೂರ್ನಾಲ್ಕು ಬೇಕು. ವಿದ್ಯುತ್ ಸಾಮಾನಿಗೆ ಒಂದು ಎಕ್ಸ್‌ಟೆನ್ಷನ್ ಹೊರಗೆ ಎಳೆದಿಡಿ: ಚಾಲೂ ಮಾಡಿ ತೋರಿಸಿದ ವ್ಯಾಕ್ಯೂಮ್‌ಗೆ 15 ಡಾಲರ್ ಕೊಡುವವನು ತೋರಿಸದಿದ್ದರೆ 5 ಕೊಡುತ್ತಾನೆ. ಮನೆ ಬಾಗಿಲು ಬೀಗ ಹಾಕಿರಲಿ, ‘ಬಾತ್‌ರೂಮ್ ಬಳಸಬಹುದೇ?’ ಎಂದವರಿಗೆ ನಗುತ್ತಲೇ ಇಲ್ಲ ಎನ್ನಿ.

8ಕ್ಕೆ ಎಂದರೆ ಆರೂವರೆಗೇ ಟಾರ್ಚ್ ಹಿಡಿದು ಬರುವವರಿದ್ದಾರೆ. ಅವರು ಮರುಮಾರಾಟದ ವ್ಯಾಪಾರಿಗಳು, ಟೂಲ್, ವಿಡಿಯೊ ಗೇಮ್, ಹಳೆಯ ಕ್ಯಾಮೆರಾ ಹುಡುಕುವವರು. ಆ ಹೊತ್ತಿಗೆ ಬೆಲೆ ಇಳಿಸುವುದು ಶುದ್ಧ ನಷ್ಟ, ಅವರಿಗೆ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತು. 10ರವರೆಗೆ ಬರೆದ ಬೆಲೆಗೇ ನಿಲ್ಲಿ, ಎರಡು ಮೂರು ಒಟ್ಟಿಗೆ ಕೊಂಡರೆ ಮಾತ್ರ ಚೌಕಾಸಿ. 11ರ ನಂತರ ಅರ್ಧ ಬೆಲೆ. ಕೊನೆಯ ಗಂಟೆಗೆ ಕಿರಾಣಿ ಚೀಲ ಕೊಟ್ಟು ‘ತುಂಬಿದಷ್ಟು 5 ಡಾಲರ್’ ಎನ್ನಿ. ಪುಸ್ತಕ, ಆಟಿಕೆ, ಲೋಟಗಳೆಲ್ಲ ಚೀಲದಲ್ಲೇ ಹೊರಟುಹೋಗುತ್ತವೆ.

ಹೊರಗೆ ಇಡಲೇಬಾರದವು ಕೆಲವಿವೆ, ಇಲ್ಲಿ ಉದಾರತೆ ಬೇಡ. ಅಪಾಯಕಾರಿಯೆಂದು ಕಂಪನಿ ಹಿಂಪಡೆದ (ರೀಕಾಲ್ ಆದ) ವಸ್ತುವನ್ನು ಮಾರುವುದು ಕಾನೂನುಬಾಹಿರ, ಯಾರ್ಡ್ ಸೇಲ್ ಮಾಡುವವರಿಗೂ ಅದು ಅನ್ವಯಿಸುತ್ತದೆ. ಒಂದು ಬದಿ ಕೆಳಗೆ ಇಳಿಯುವ ತೊಟ್ಟಿಲ ಮಂಚದ ಮಾರಾಟ 2011ರ ಜೂನ್ 28ರಿಂದ ನಿಷಿದ್ಧ. ಫಿಶರ್ ಪ್ರೈಸ್‌ನ ರಾಕ್ ಎನ್ ಪ್ಲೇ ಎಂಬ ಶಿಶು ಮಲಗಿಸುವ ತೊಟ್ಟಿಲು 2019ರಲ್ಲಿ ಹಿಂಪಡೆದದ್ದು. ಮಗು ಓರೆಯಾಗಿ ಮಲಗುವ ಅಂಥ ಸಾಮಾನುಗಳನ್ನು 2022ರಲ್ಲಿ ಕಾನೂನೇ ನಿಷೇಧಿಸಿತು. ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿರುವ ಐಕಿಯದ ಮಾಲ್ಮ್ ಡ್ರಾಯರ್‌ಗಳನ್ನೂ ನೋಡಿಕೊಳ್ಳಿ: ಗೋಡೆಗೆ ಬಿಗಿಯದಿದ್ದರೆ ಮಗುವಿನ ಮೇಲೆ ಉರುಳುತ್ತವೆ ಎಂದು 2016ರಲ್ಲಿ ಇತರ ಮಾದರಿಗಳೂ ಸೇರಿ 2.9 ಕೋಟಿ ಡ್ರಾಯರ್‌ಗಳನ್ನು ಹಿಂಪಡೆಯಲಾಗಿತ್ತು. ಮಾದರಿ ಸಂಖ್ಯೆಯನ್ನು ಸಿಪಿಎಸ್‌ಸಿ (ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ) ವೆಬ್‌ಸೈಟ್‌ನಲ್ಲಿ ಹಾಕಿ ನೋಡಲು ಎರಡು ನಿಮಿಷ ಸಾಕು. ಕಾರ್ ಸೀಟಿಗೆ ಅವಧಿ ಮುಗಿಯುವ ದಿನಾಂಕವಿರುತ್ತದೆ, ಅಪಘಾತದಲ್ಲಿದ್ದದ್ದೋ ಅಲ್ಲವೋ ಕೊಳ್ಳುವವರಿಗೆ ತಿಳಿಯದು. ಟಾರ್ಗೆಟ್ ಆಗಾಗ ನಡೆಸುವ ಹಳೆಯ ಸೀಟ್ ವಿನಿಮಯಕ್ಕೆ ಕೊಟ್ಟರೆ ರಿಯಾಯಿತಿ ಕೂಪನ್ ಸಿಗುತ್ತದೆ. ಹಳೆಯ ಫೋನ್, ಟ್ಯಾಬ್ಲೆಟ್‌ಗಳಿಂದ ಖಾತೆ ಸೈನ್ ಔಟ್ ಮಾಡಿ, ‘ಫೈಂಡ್ ಮೈ’ ತೆಗೆದು, ಪೂರ್ತಿ ಅಳಿಸದೆ ಮೇಜಿಗೆ ತರಬೇಡಿ. ಕೋಟಿನ ಜೇಬು, ಪುಸ್ತಕದ ನಡುವೆ ಒಮ್ಮೆ ಕೈಹಾಕಿ ನೋಡಿ.

ತೆರಿಗೆಯ ಚಿಂತೆ ಬೇಡ. ಮನೆಬಳಕೆಯ ವಸ್ತುವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ ಅದು ಫೆಡರಲ್ ಆದಾಯವಲ್ಲ. ಆ ನಷ್ಟವನ್ನು ಕಳೆಯಲೂ ಬರುವುದಿಲ್ಲ.

ಉಳಿದದ್ದಕ್ಕೆ ದಾನ (ನಾಲ್ಕು)

1 ಗಂಟೆಗೆ ಮುಗಿಸಿದ ಮೇಲೆ ಉಳಿದದ್ದನ್ನು ಮತ್ತೆ ಮನೆಯೊಳಗೆ ತರಬೇಡಿ, ನೇರವಾಗಿ ಕಾರಿನ ಡಿಕ್ಕಿಗೆ. ಬಟ್ಟೆ, ಪಾತ್ರೆ, ಪುಸ್ತಕಗಳಿಗೆ ಗುಡ್‌ವಿಲ್ ಎಂಬ ದಾನದ ಅಂಗಡಿಯ ಹಿಂಬಾಗಿಲು ಸುಲಭ. ಪೀಠೋಪಕರಣಕ್ಕೆ ಸಾಲ್ವೇಶನ್ ಆರ್ಮಿ ಅಥವಾ ಹ್ಯಾಬಿಟ್ಯಾಟ್ ಸಂಸ್ಥೆಯ ರೀಸ್ಟೋರ್ ಅಂಗಡಿ. ಅನೇಕ ಊರುಗಳಲ್ಲಿ ಲಾರಿ ಕಳಿಸಿ ಪುಕ್ಕಟೆಯಾಗಿ ಒಯ್ಯುತ್ತಾರೆ. ಆದರೆ ಆ ಲಾರಿಯ ದಿನ ಬೇಗ ಭರ್ತಿಯಾಗುವುದರಿಂದ ಸೇಲ್‌ಗೆ ಎರಡು ಮೂರು ವಾರ ಮೊದಲೇ ಕಾದಿರಿಸಿ. ಚಾಲಕ ಹರಿದದ್ದು, ಕಲೆಯಾದದ್ದು ಕಂಡರೆ ಬಾಗಿಲಲ್ಲೇ ಬಿಟ್ಟು ಹೋಗುತ್ತಾನೆ. ರಸೀದಿ ಇಟ್ಟುಕೊಳ್ಳಿ, ತೆರಿಗೆಯಲ್ಲಿ ಐಟಮೈಸ್ ಮಾಡುವವರಿಗೆ (ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡುವವರಿಗೆ) ಮಾತ್ರ ಅದು ಉಪಯೋಗ. ವಸ್ತುದಾನ 500 ಡಾಲರ್ ದಾಟಿದರೆ ಫಾರ್ಮ್ 8283 ತುಂಬಬೇಕು.

ಹಾಸಿಗೆಯನ್ನು ದಾನಕ್ಕೆ ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ, ಹೇಳದೆ ರಸ್ತೆ ಬದಿಗೆ ಇಟ್ಟರೆ ಅನೇಕ ಕಡೆ ದಂಡ. ಕ್ಯಾಲಿಫೋರ್ನಿಯಾ, ಕನೆಕ್ಟಿಕಟ್, ರೋಡ್ ಐಲ್ಯಾಂಡ್, ಆರೆಗಾನ್‌ನಲ್ಲಿರುವವರಿಗೆ ‘ಬೈ ಬೈ ಮ್ಯಾಟ್ರೆಸ್’ ಎಂಬ ಮರುಬಳಕೆ ವ್ಯವಸ್ಥೆಯಿದೆ. ಹೊಸ ಹಾಸಿಗೆ ಕೊಂಡಾಗಲೇ ಅದರ ಶುಲ್ಕ ಕಟ್ಟಿರುತ್ತೀರಿ. ಉಳಿದ ರಾಜ್ಯಗಳಲ್ಲಿ ಕಸದ ಕಂಪನಿಗೆ ಫೋನ್ ಮಾಡಿ ದೊಡ್ಡ ಸಾಮಾನು ಒಯ್ಯುವ ದಿನ ಕೇಳಿ, ಮನೆಯ ಕೀಲಿ ಹಿಂತಿರುಗಿಸುವ ದಿನಕ್ಕಿಂತ ಮೊದಲಿನ ದಿನಾಂಕವನ್ನೇ ಹಿಡಿಯಿರಿ. ಬೋರ್ಡುಗಳನ್ನು ಅದೇ ಸಂಜೆ ಕಿತ್ತು ತನ್ನಿ.