ಸ್ಕ್ಯಾನ್ ಚೆನ್ನಾಗಿದೆ, ರಿಪೋರ್ಟ್ ಮಾತ್ರ ಕೇಳಿ ಬರೆಸಿಕೊಳ್ಳಿ

ಶ್ವಾಸಕೋಶದ ಕಾರ್ಸಿನಾಯ್ಡ್ (ಒಂದು ಬಗೆಯ ಕ್ಯಾನ್ಸರ್) ಗಡ್ಡೆ ತೆಗೆಸಿಕೊಂಡವಳು ನಾನು. ನಿಧಾನಕ್ಕೆ ಬೆಳೆಯುವ ಜಾತಿ ಇದು, ಎಷ್ಟೋ ವರ್ಷ ಆದ ಮೇಲೂ ಮತ್ತೆ ಬರಬಹುದು. ಹಾಗಾಗಿ ಫಾಲೋಅಪ್ ಮುಗಿಯುವುದೇ ಇಲ್ಲ. ಹೆಚ್ಚಾಗಿ ಸಿಟಿ ಸ್ಕ್ಯಾನ್ ಸಾಕು. ಈ ಸಲ ಡಾಕ್ಟರು ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ ಬರೆದುಕೊಟ್ಟರು, ಬೆಂಗಳೂರಿನ ಈ ಸೆಂಟರಿಗೆ ಬಂದೆ. ಗ್ಯಾಲಿಯಂ ಅನ್ನುವ ವಿಕಿರಣ ಸೂಸುವ ಔಷಧಿಯನ್ನು ನರಕ್ಕೆ ಕೊಟ್ಟು, ಇಂಥ ಗಡ್ಡೆ ಎಲ್ಲಾದರೂ ಇದೆಯಾ ಅಂತ ನೋಡುವ ಸ್ಕ್ಯಾನ್ ಇದು.

ಆಕ್ಟ್ರಿಯೋಟೈಡ್ ಇಂಜೆಕ್ಷನ್ (ಈ ಜಾತಿ ಗಡ್ಡೆಗೆ ಕೊಡುವ ಔಷಧಿ, ಸ್ಕ್ಯಾನಿಗೆ ಅಡ್ಡಿಯಾಗಬಹುದು) ತಗೊಳ್ತಿದ್ದೀರಾ, ಕೊನೆಯದು ಯಾವಾಗ ಅಂತ ಫೋನಿನಲ್ಲೇ ವಿಚಾರಿಸಿದ್ದು ಇಷ್ಟವಾಯಿತು. 'ಟೈಮಿಗೆ ಸರಿಯಾಗಿ ಬನ್ನಿ ಅಮ್ಮಾ' ಅಂದರು. ಸುಮ್ನೆ ಹೇಳಿದ್ದಲ್ಲ. ಗ್ಯಾಲಿಯಂ ವಿಕಿರಣ 68 ನಿಮಿಷಕ್ಕೆ ಅರ್ಧ ಇಳಿದುಹೋಗುತ್ತದೆ, ನಮ್ಮ ಟ್ರಾಫಿಕ್ಕಿಗಾಗಿ ಕಾಯುವುದಿಲ್ಲ. ಸಿಸ್ಟರ್ ಕೈ ಹಗುರ, ಒಂದೇ ಸಲಕ್ಕೆ ನರ ಸಿಕ್ಕಿತು. ಆಮೇಲೆ ಸುಮಾರು ಒಂದು ಗಂಟೆ ಒಬ್ಬರೇ ಕೂರಬೇಕು. ಆ ರೂಮಿನ ಎಸಿ ವಿಪರೀತ, ಶಾಲು ತನ್ನಿ. ಮಾಮೂಲಿ ಪೆಟ್ ಥರ ಉಪವಾಸ ಇರಿ ಅನ್ನಲಿಲ್ಲ, ಇಡ್ಲಿ ತಿಂದೇ ಹೋಗಿದ್ದೆ.

ಬೇಜಾರಾಗಿದ್ದು ರಿಪೋರ್ಟ್ ನೋಡಿ. ಹಳೇ ಸ್ಕ್ಯಾನಿನ ಸಿಡಿ ಕೊಟ್ಟಿದ್ದರೂ ಹೋಲಿಸಿರಲಿಲ್ಲ. ನಮ್ಮಂಥವರಿಗೆ ಬೇಕಿರುವುದೇ ಅದು ಅಲ್ವಾ? 4 ಮಿ.ಮೀ. ಚುಕ್ಕೆ ಹಳೆಯದೋ ಹೊಸದೋ ಗೊತ್ತಾಗದಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಪಟ್ಟು ಹಿಡಿದ ಮೇಲೆ ಹೋಲಿಸಿ ಬರೆದುಕೊಟ್ಟರು. ನಾಲ್ಕು ಸ್ಟಾರ್. ಹಳೇ ಸಿಡಿಯನ್ನು ಕೌಂಟರಿನಲ್ಲಿ ಬಿಡಬೇಡಿ, ಅಲ್ಲಿನ ಡಾಕ್ಟರ ಕೈಗೇ ಕೊಡಿ.