ಆರು ಥರದ ಸ್ಮಾರ್ಟ್ ಟಿವಿ ಸೆಟಪ್ ಮಾಡಿದ್ದೇನೆ, ಯಾವುದು ಸಲೀಸು ಅಂತ ಹೇಳುತ್ತೇನೆ

ನಮ್ಮ ಬಳಗದಲ್ಲಿ ಯಾರೇ ಹೊಸ ಟಿವಿ ತಂದರೂ ಸೆಟಪ್ ಮಾಡಿಕೊಡೋಕೆ ನನ್ನನ್ನೇ ಕರೆಯುತ್ತಾರೆ. ನನಗೂ ಆ ಕೆಲಸ ಇಷ್ಟ. ಈ ಎರಡು ವರ್ಷದಲ್ಲಿ ಗೂಗಲ್ ಟಿವಿ, ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್‌ಓಎಸ್, ಅಮೆಜಾನ್‌ನ ಫೈರ್ ಟಿವಿ, ರೋಕು, ಆಪಲ್ ಟಿವಿ, ಹೀಗೆ ಆರೂ ಕೈಗೆ ಸಿಕ್ಕಿವೆ. ಟಿವಿ ಕೊಳ್ಳುವಾಗ ಎಲ್ಲರ ಕಣ್ಣೂ ಪರದೆ ಮೇಲೇ ಇರುತ್ತೆ. ಎಷ್ಟು ಇಂಚು, ಬಣ್ಣ ಹೇಗಿದೆ, ಅಂಚು ಎಷ್ಟು ತೆಳು. ಒಳಗೆ ಯಾವ ಸಿಸ್ಟಮ್, ಅಂದರೆ ಟಿವಿ ನಡೆಸುವ ಸಾಫ್ಟ್‌ವೇರ್ ಇದೆ ಅಂತ ಕೇಳುವವರು ಕಡಿಮೆ. ಆದರೆ ಮನೆಗೆ ಬಂದ ಮೇಲೆ ದಿನಾ ಹೆಣಗಾಡೋದು ಅದರ ಜೊತೆಗೇ ಅಲ್ವಾ? ಅದಕ್ಕೇ ಇಲ್ಲಿ ಪರದೆ ವಿಷಯ ಬಿಟ್ಟು ಸಿಸ್ಟಮ್ ವಿಷಯ ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಒಂದೇ. ಸೆಟಪ್ ಮುಗಿಸಿ ನಾನು ಹೊರಟ ಮೇಲೆ, ಅಮ್ಮ ಒಬ್ಬಳೇ ಕೂತು, ರಿಮೋಟ್ ತಗೊಂಡು, ಯಾರಿಗೂ ಫೋನ್ ಮಾಡದೆ ತನ್ನ ಧಾರಾವಾಹಿ ಹಾಕಿಕೊಳ್ಳಬೇಕು. ಅದು ಆದರೆ ಆ ಟಿವಿ ಪಾಸು.

ಮೊದಲು ರಿಮೋಟ್‌ನಲ್ಲಿ ಅಕ್ಷರ ಒತ್ತುವ ಕಷ್ಟದ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಜನ ಸುಸ್ತಾಗೋದು ಅಲ್ಲೇ. ಒಮ್ಮೆ ಅಮ್ಮ ತಾನೇ ಲಾಗಿನ್ ಮಾಡುತ್ತೇನೆ ಅಂತ ಕೂತಳು. ಕನ್ನಡಕ ಹಣೆಗೆ ಏರಿಸಿ ಟಿವಿ ನೋಡೋದು, ಮತ್ತೆ ಕೆಳಗಿಳಿಸಿ ರಿಮೋಟ್ ನೋಡೋದು. ಬಲಕ್ಕೆ ನಾಲ್ಕು ಸಲ, ಕೆಳಕ್ಕೆ ಒಂದು ಸಲ, ನಡುವಿನ ಬಟನ್, ಒಂದು ಅಕ್ಷರ ಬಂತು. ಇಮೇಲ್ ವಿಳಾಸದ ಹನ್ನೊಂದನೇ ಅಕ್ಷರಕ್ಕೆ ಬಂದಾಗ ಹೆಬ್ಬೆರಳು ಬ್ಯಾಕ್ ಬಟನ್‌ಗೆ ತಾಗಿತು, ಇಡೀ ಪುಟ ಹೋಯಿತು. ಅವಳು ಏನೂ ಹೇಳಲಿಲ್ಲ. ರಿಮೋಟನ್ನು ಮೆಲ್ಲಗೆ ಸೋಫಾ ಮೇಲಿಟ್ಟಳು. ಅವತ್ತಿನಿಂದ ನಾನು ಯಾರ ಮನೆಯಲ್ಲೂ ರಿಮೋಟ್‌ನಲ್ಲಿ ಪಾಸ್‌ವರ್ಡ್ ಒತ್ತಿಸಿಲ್ಲ.

ಒತ್ತಿಸೋ ಅಗತ್ಯವೂ ಇಲ್ಲ. ದೊಡ್ಡ ಆ್ಯಪ್‌ಗಳಲ್ಲಿ ಸುಮಾರು ಎಲ್ಲವೂ ಲಾಗಿನ್ ಪುಟದಲ್ಲಿ ಒಂದು ಕೋಡ್ ಅಥವಾ ಕ್ಯೂಆರ್ ಚೌಕ ತೋರಿಸುತ್ತವೆ. ಫೋನ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಅಥವಾ ಹೇಳಿದ ವಿಳಾಸ ತೆರೆದು ಕೋಡ್ ಹಾಕಿ, ಫೋನ್‌ನಲ್ಲಿ ಆಗಲೇ ಲಾಗಿನ್ ಆಗಿದ್ದರೆ ಟಿವಿ ತಾನಾಗಿ ಒಳಗೆ ಹೋಗುತ್ತೆ. ಕೋಡ್‌ಗೆ ಅವಧಿ ಇರುತ್ತೆ, ತಡ ಮಾಡಿದರೆ ಹೊಸದು ತಗೋಬೇಕು, ಅಷ್ಟೇ. ಕೋಡ್ ಇಲ್ಲದ ಆ್ಯಪ್ ಸಿಕ್ಕರೆ ಟಿವಿ ಕಂಪನಿಯ ಫೋನ್ ಆ್ಯಪ್ ಹಾಕಿಕೊಳ್ಳಿ. ಸ್ಯಾಮ್‌ಸಂಗ್‌ಗೆ ಸ್ಮಾರ್ಟ್‌ಥಿಂಗ್ಸ್, ಎಲ್‌ಜಿಗೆ ಥಿಂಕ್‌ಕ್ಯೂ, ಗೂಗಲ್ ಟಿವಿ, ಫೈರ್ ಟಿವಿ, ರೋಕು ಮೂರಕ್ಕೂ ಅವುಗಳದೇ ಆ್ಯಪ್ ಇದೆ. ಫೋನ್‌ನ ಕೀಬೋರ್ಡ್‌ನಲ್ಲಿ ಬರೆದದ್ದು ಟಿವಿಯಲ್ಲಿ ಬೀಳುತ್ತೆ.

ಇನ್ನು ಒಂದೊಂದಾಗಿ ನೋಡೋಣ.

ಗೂಗಲ್ ಟಿವಿ ಅಂದರೆ ಒಳಗಿರೋದು ಆಂಡ್ರಾಯ್ಡ್ ಟಿವಿಯೇ. ಆಂಡ್ರಾಯ್ಡ್ ಟಿವಿ 2014ರಲ್ಲಿ ಬಂತು, 2020ರಲ್ಲಿ ಅದರ ಮೇಲೆ ಈಗಿನ ಗೂಗಲ್ ಟಿವಿ ಮುಖಪುಟ ಬಂತು. ಸೆಟಪ್ ಶುರುವಿನಲ್ಲೇ ಫೋನ್‌ನ ಗೂಗಲ್ ಹೋಮ್ ಆ್ಯಪ್‌ನಿಂದ ಮಾಡುವ ದಾರಿ ತೋರಿಸುತ್ತೆ, ಅದನ್ನೇ ಹಿಡಿಯಿರಿ. ಆ್ಯಪ್‌ಗಳ ವಿಷಯದಲ್ಲಿ ಇದನ್ನು ಮೀರಿಸುವುದು ನನಗೆ ಕಂಡಿಲ್ಲ, ಹುಡುಕಿದ್ದೆಲ್ಲಾ ಸಿಗುತ್ತೆ. ಆದರೆ ಅನೇಕ ಟಿವಿಗಳಲ್ಲಿ ಜಾಗ 8 ಜಿಬಿ ಅಷ್ಟೇ, ಅದರಲ್ಲೂ ಸಿಸ್ಟಮ್ಮೇ ಒಂದು ಪಾಲು ತಿಂದಿರುತ್ತೆ. ಹಾಗಾಗಿ ಸಿಕ್ಕಿದ್ದೆಲ್ಲ ತುಂಬಬೇಡಿ, ಐದಾರು ಆ್ಯಪ್ ಸಾಕು. ಮುಖಪುಟದ ತುಂಬಾ ಶಿಫಾರಸು ಸಿನಿಮಾಗಳು ಬರುತ್ತವೆ, ಹಿರಿಯರಿಗೆ ಅದು ಗೊಂದಲ. ಅಕೌಂಟ್ ಸೆಟ್ಟಿಂಗ್‌ನಲ್ಲಿ ಆ್ಯಪ್ಸ್ ಓನ್ಲಿ ಅನ್ನೋ ಆಯ್ಕೆ ಇದೆ. ಅದನ್ನು ಹಾಕಿದರೆ ಕೆಲವು ಸೌಲಭ್ಯ ಹೋಗುತ್ತವೆ, ಆದರೆ ಪರದೆ ಎಷ್ಟು ಶಾಂತವಾಗುತ್ತೆ ಅಂದರೆ, ಅಮ್ಮನ ಟಿವಿಗೆ ಮೊದಲು ಮಾಡಿದ ಕೆಲಸವೇ ಅದು.

ಸ್ಯಾಮ್‌ಸಂಗ್ 2015ರಿಂದ ತನ್ನ ಟಿವಿಗಳಲ್ಲಿ ಟೈಜನ್ ಹಾಕುತ್ತಿದೆ. ಆ್ಯಪ್ ಇಳಿಸಿಕೊಳ್ಳೋಕೆ ಸ್ಯಾಮ್‌ಸಂಗ್ ಅಕೌಂಟ್ ಬೇಕು, ಅದನ್ನು ಮೊದಲೇ ಫೋನ್‌ನಲ್ಲಿ ಮಾಡಿಟ್ಟುಕೊಂಡರೆ ಸಮಯ ಉಳಿಯುತ್ತೆ. ಮೆನು ಚುರುಕು. ಆ್ಯಪ್ ಸಿಕ್ಕಿಹಾಕಿಕೊಂಡರೆ ರಿಮೋಟ್‌ನ ಪವರ್ ಬಟನ್ ಒತ್ತಿ ಹಿಡಿಯಿರಿ, ಟಿವಿ ಆರಿ ಮತ್ತೆ ಲೋಗೊ ಬರೋವರೆಗೂ. ಇದು ಗೊತ್ತಿಲ್ಲದೆ ಎಷ್ಟೋ ಜನ ಗೋಡೆಯ ಪ್ಲಗ್ ಕೀಳುತ್ತಾರೆ.

ವೆಬ್‌ಓಎಸ್ ಬಗ್ಗೆ ನನಗೆ ವಿಶೇಷ ಪ್ರೀತಿ. 2009ರಲ್ಲಿ ಪಾಮ್ ಕಂಪನಿ ಇದನ್ನು ಫೋನ್‌ಗಾಗಿ ಮಾಡಿತ್ತು, ಆಮೇಲೆ ಎಚ್‌ಪಿ ಕೈಗೆ ಹೋಗಿ, 2013ರಲ್ಲಿ ಎಲ್‌ಜಿ ಕೊಂಡುಕೊಂಡು, 2014ರಿಂದ ಟಿವಿಯಲ್ಲಿ ತಂದಿತು. ಮ್ಯಾಜಿಕ್ ರಿಮೋಟ್ ಇದ್ದರೆ ಗಾಳಿಯಲ್ಲಿ ಕೈ ಆಡಿಸಿದ ಹಾಗೆ ಪರದೆ ಮೇಲೆ ಬಾಣ ಓಡುತ್ತೆ, ಬೇಕಾದ ಅಕ್ಷರದ ಮೇಲೆ ನಿಲ್ಲಿಸಿ ಒತ್ತಿದರೆ ಆಯಿತು. ಫೋನ್ ಇಲ್ಲದೆ ಬರೆಯಬೇಕಾದರೆ ಇದೇ ಎಲ್ಲಕ್ಕಿಂತ ಸುಲಭ. ಒಂದು ಮಾತು ನೆನಪಿಡಿ. ಕ್ವಿಕ್ ಸ್ಟಾರ್ಟ್ ಪ್ಲಸ್ ಆನ್ ಇದ್ದರೆ ಟಿವಿ ಪೂರ್ತಿ ಆಫ್ ಆಗಲ್ಲ, ನಿದ್ದೆಗೆ ಹೋಗುತ್ತೆ. ಆ್ಯಪ್‌ಗಳು ಪದೇ ಪದೇ ತಡವರಿಸಿದರೆ ಅದನ್ನು ಆಫ್ ಮಾಡಿ ನೋಡಿ.

ಫೈರ್ ಟಿವಿ ಸ್ಟಿಕ್ ಅಂದರೆ ಟಿವಿಯ ಎಚ್‌ಡಿಎಂಐ ಕಿಂಡಿಗೆ ಚುಚ್ಚುವ ಪುಟ್ಟ ಸಾಧನ, ಹಳೇ ಟಿವಿಗೆ ಮರುಜನ್ಮ ಕೊಡುತ್ತೆ. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಟಿವಿಯ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಅದಕ್ಕೆ ಕರೆಂಟ್ ಸಾಲದೆ ಆಗಾಗ ರೀಸ್ಟಾರ್ಟ್ ಆಗಬಹುದು. ಡಬ್ಬಿಯಲ್ಲಿರೋ ಆ ಗಿಡ್ಡ ಎಚ್‌ಡಿಎಂಐ ತುಂಡನ್ನೂ ಎಸೆಯಬೇಡಿ, ಸ್ಟಿಕ್ ಟಿವಿಯ ಬೆನ್ನಿಗೆ ಅಂಟಿಕೊಂಡು ಕೂತರೆ ವೈಫೈ ಕುಗ್ಗುತ್ತೆ, ಆ ತುಂಡು ಅದನ್ನು ಸ್ವಲ್ಪ ಹೊರಗೆ ತರುತ್ತೆ. ರೋಕು ಮುಖಪುಟ ಬರೀ ಚೌಕಗಳ ಸಾಲು, ಕಲಿಯೋಕೆ ಏನೂ ಇಲ್ಲ. ಆಪಲ್ ಟಿವಿ ಪೆಟ್ಟಿಗೆ ಮಾತ್ರ ಐಫೋನ್ ಇರುವ ಮನೆಗೆ ಹೇಳಿ ಮಾಡಿಸಿದ್ದು, ಫೋನ್ ಹತ್ತಿರ ಹಿಡಿದರೆ ವೈಫೈ, ಅಕೌಂಟ್ ಎಲ್ಲಾ ತಾನೇ ತಗೊಳ್ಳುತ್ತೆ. ಐಫೋನ್ ಇಲ್ಲದವರಿಗೆ ಇದನ್ನು ತಗೊಳ್ಳಿ ಅಂತ ನಾನು ಹೇಳಲ್ಲ.

ಆಪಲ್ ಪೆಟ್ಟಿಗೆ ಯಾಕೆ ಬೇಕು, ಟಿವಿಯಲ್ಲೇ ಎಲ್ಲ ಇದೆಯಲ್ಲ ಅಂತ ತಂಗಿ ಕೇಳಿದಳು. ಒಳ್ಳೇ ಪ್ರಶ್ನೆ. ಪರದೆ ಹತ್ತು ವರ್ಷ ಬಾಳುತ್ತೆ, ಒಳಗಿನ ಸಿಸ್ಟಮ್ ಅಷ್ಟು ದಿನ ಅಪ್‌ಡೇಟ್ ಕಾಣಲ್ಲ. 2019ರ ಡಿಸೆಂಬರ್‌ನಲ್ಲಿ 2010, 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಪರದೆ ಚೆನ್ನಾಗೇ ಇತ್ತು. ಹಳೆಯ ಕೆಲವು ರೋಕು ಪೆಟ್ಟಿಗೆಗಳಲ್ಲೂ ನಿಂತಿತು ಅನ್ನೋದು ನಿಜ, ಆದರೆ ಪೆಟ್ಟಿಗೆ ಬದಲಿಸೋದು ಎಲ್ಲಿ, ಟಿವಿ ಬದಲಿಸೋದು ಎಲ್ಲಿ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ದುಡ್ಡು ಹಾಕೋದಾದರೆ ಒಳ್ಳೇ ಪರದೆಗೆ ಹಾಕಿ. ಒಳಗಿನ ಸಿಸ್ಟಮ್ ನಿಧಾನ ಆದ ದಿನ ಹೊರಗಿಂದ ಒಂದು ಸ್ಟಿಕ್ ಚುಚ್ಚಿ.

ಸ್ಟಿಕ್ ಚುಚ್ಚುವಾಗ ಎರಡು ಸೆಟ್ಟಿಂಗ್ ನೋಡಿಕೊಳ್ಳಿ. 4ಕೆ, ಅಂದರೆ ಅತಿ ಸ್ಪಷ್ಟ ಚಿತ್ರ, ಪೂರ್ತಿ ಗುಣಮಟ್ಟದಲ್ಲಿ ಬೇಕಿದ್ದರೆ ಆ ಎಚ್‌ಡಿಎಂಐ ಕಿಂಡಿಗೆ ಟಿವಿಯ ಮೆನುವಿನಲ್ಲಿ ಅನುಮತಿ ಕೊಡಬೇಕಾಗಬಹುದು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್ ಅಂತ, ಎಲ್‌ಜಿಯಲ್ಲಿ ಡೀಪ್ ಕಲರ್ ಅಂತ ಇರುತ್ತೆ. ಇನ್ನೊಂದು ಸಿಇಸಿ. ಇದು ಆನ್ ಇದ್ದರೆ ಸ್ಟಿಕ್‌ನ ರಿಮೋಟ್ ಒತ್ತಿದಾಗ ಟಿವಿಯೂ ಏಳುತ್ತೆ, ಇನ್‌ಪುಟ್ಟೂ ತಾನೇ ಬದಲಾಗುತ್ತೆ. ಕಂಪನಿಗೊಂದು ಹೆಸರು ಇದಕ್ಕೆ, ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಅನ್ನುತ್ತೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಎರಡು ರಿಮೋಟ್ ಇದ್ದ ಮನೆಯಲ್ಲಿ ಒಂದನ್ನು ಕಪಾಟಿಗೆ ಹಾಕಿಸೋ ಸೆಟ್ಟಿಂಗ್ ಇದು.

ಚಾನೆಲ್ ಪಟ್ಟಿ ಹಾಕಿ ಇಂಟರ್ನೆಟ್ ಮೂಲಕ ನೋಡುವ ಐಪಿಟಿವಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಲ್ಲಿ ಆ್ಯಪ್ ಬರೀ ಪ್ಲೇಯರ್, ಅದರೊಳಗೆ ಚಾನೆಲ್ ಇರಲ್ಲ. ಸೇವೆ ಕೊಡುವವರು ಒಂದು ಎಂ3ಯು ವಿಳಾಸ ಕೊಡುತ್ತಾರೆ. ಅದು ಚಾನೆಲ್ ಹೆಸರು, ಪ್ರತಿ ಚಾನೆಲ್‌ನ ಕೊಂಡಿ ಇರುವ ಸಾದಾ ಪಠ್ಯದ ಫೈಲ್. ಕಾರ್ಯಕ್ರಮಗಳ ವೇಳಾಪಟ್ಟಿಗೆ ಇಪಿಜಿ ಅನ್ನೋ ಇನ್ನೊಂದು ವಿಳಾಸ. ಒಂದೇ ಒಂದು ಅಕ್ಷರ ತಪ್ಪಿದರೂ ಪಟ್ಟಿ ಖಾಲಿ, ದೊಡ್ಡಕ್ಷರ ಸಣ್ಣಕ್ಷರ ಕೂಡ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ಫೋನ್‌ನಲ್ಲಿ ಕಾಪಿ ಮಾಡಿ ಪೇಸ್ಟ್ ಮಾಡೋದೇ ಸರಿ. ಚಾನೆಲ್ ಬಂದು ವೇಳಾಪಟ್ಟಿ ಮಾತ್ರ ಗಂಟೆಗಟ್ಟಲೆ ಹಿಂದೆ ಮುಂದೆ ಇದ್ದರೆ ಪ್ಲೇಯರ್‌ನಲ್ಲಿ ಟೈಮ್ ಆಫ್‌ಸೆಟ್ ಸರಿ ಮಾಡಿ. ಇಂಥ ಪ್ಲೇಯರ್ ಆ್ಯಪ್‌ಗಳು ಗೂಗಲ್ ಟಿವಿಯಲ್ಲಿ ಜಾಸ್ತಿ, ಟೈಜನ್, ವೆಬ್‌ಓಎಸ್‌ನಲ್ಲಿ ಕಡಿಮೆ. ಲೋಕದ ಚಾನೆಲ್ಲೆಲ್ಲಾ ಪುಕ್ಕಟೆ ಅಂತ ಯಾರಾದರೂ ಪಟ್ಟಿ ಕಳಿಸಿದರೆ ಹಾಕಬೇಡಿ. ಹಕ್ಕಿಲ್ಲದೆ ಹಂಚುವ ಪಟ್ಟಿ ಅದು, ಇವತ್ತಿದ್ದದ್ದು ನಾಳೆ ಇರಲ್ಲ, ಅದರ ಜೊತೆ ಬರುವ ಗೊತ್ತಿಲ್ಲದ ಆ್ಯಪ್‌ಗೆ ಮನೆಯ ನೆಟ್‌ವರ್ಕ್ ಒಪ್ಪಿಸಿದ ಹಾಗೆ.

ಈಗ ನನ್ನ ಒಂದು ಇಡೀ ಮಧ್ಯಾಹ್ನ ತಿಂದ ಸಂಗತಿ. ಗೆಳೆಯನ ಮನೆಯಲ್ಲಿ ಒಂದು ಕಂಪನಿಯ ಟಿವಿ. ವೈಫೈ ಕನೆಕ್ಟ್ ಆಗಿದೆ, ಫೋನ್‌ನಲ್ಲಿ ಅದೇ ವೈಫೈ ಓಡುತ್ತಿದೆ, ಟಿವಿಯಲ್ಲಿ ಮಾತ್ರ ಯಾವ ಆ್ಯಪ್ ತೆರೆದರೂ ಇಂಟರ್ನೆಟ್ ಇಲ್ಲ ಅನ್ನುತ್ತೆ. ರೂಟರ್ ಆರಿಸಿ ಹಚ್ಚಿದೆ, ಟಿವಿ ರೀಸೆಟ್ ಮಾಡಿದೆ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರೂ ಮತ್ತೆ ರೀಸೆಟ್ ಮಾಡಿ ಅಂದರು. ಸಂಜೆ ಸುಮ್ನೆ ಮೆನು ತಿರುವುತ್ತಿದ್ದಾಗ ಮೂಲೆಯಲ್ಲಿ ದಿನಾಂಕ ಕಣ್ಣಿಗೆ ಬಿತ್ತು. ಐದು ವರ್ಷ ಹಿಂದಿನದು. ಆ್ಯಪ್ ಮತ್ತು ಸರ್ವರ್ ನಡುವಿನ ಭದ್ರತಾ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಟಿವಿಯ ಗಡಿಯಾರ ಹಿಂದಿದ್ದರೆ ಅದರ ಕಣ್ಣಿಗೆ ಆ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ. ದಿನಾಂಕ ಸರಿ ಮಾಡಿದ ತಕ್ಷಣ ಎಲ್ಲಾ ಆ್ಯಪ್ ತೆರೆದುಕೊಂಡವು. ಇಂಟರ್ನೆಟ್ ಇಲ್ಲ ಅನ್ನೋ ಬದಲು ದಿನಾಂಕ ನೋಡಿ ಅಂತ ಒಂದು ಸಾಲು ತೋರಿಸಿದ್ದರೆ ನಾಲ್ಕು ಗಂಟೆ ಉಳಿಯುತ್ತಿತ್ತು. ಈಗ ಯಾವ ಟಿವಿ ಮುಟ್ಟಿದರೂ ಮೊದಲು ದಿನಾಂಕ, ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್, ಆಮೇಲೆ ಆ್ಯಪ್.

ಬಫರ್ ಆಗುತ್ತೆ ಅನ್ನುವವರು ಪ್ಲಾನ್ ಬದಲಿಸೋ ಮೊದಲು ಟಿವಿ ಇರುವ ಜಾಗದಲ್ಲೇ ಸ್ಪೀಡ್ ನೋಡಿ. ನೆಟ್‌ಫ್ಲಿಕ್ಸ್ ಕೇಳೋದು 1080ಪಿಗೆ (ಫುಲ್ ಎಚ್‌ಡಿ) 5 ಎಂಬಿಪಿಎಸ್ (ನೆಟ್ ವೇಗದ ಅಳತೆ), 4ಕೆಗೆ 15 ಎಂಬಿಪಿಎಸ್ ಅಷ್ಟೇ. ರೂಟರ್ ಹತ್ತಿರ ನೂರು ಬಂದು ಟಿವಿ ಹತ್ತಿರ ಎಂಟು ಬರುತ್ತಿದ್ದರೆ ತೊಂದರೆ ಗೋಡೆಯದು. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಗೋಡೆ ದಾಟೋದು ಕಷ್ಟ. 2.4 ದೂರ ಹೋಗುತ್ತೆ, ಆದರೆ ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಹಾದಿಯಲ್ಲಿ ಓಡಾಡುತ್ತವೆ. ಕೇಬಲ್ ಎಳೆಯೋಕೆ ಆದರೆ ಕೇಬಲ್ಲೇ ಸರಿ. ಅನೇಕ ಟಿವಿಗಳ ಕೇಬಲ್ ಕಿಂಡಿ 100 ಎಂಬಿಪಿಎಸ್‌ಗೆ ಸೀಮಿತ, ಆದರೂ 4ಕೆಗೆ ಅದು ಬೇಕಾದಷ್ಟಾಯಿತು.

ವೇಗ ಇದ್ದೂ ಚಿತ್ರ ಮಸುಕಾಗಿದ್ದರೆ ಇನ್ನೊಂದು ಕಾರಣ ಇರಬಹುದು. ಆಂಡ್ರಾಯ್ಡ್ ಆಧಾರದ ಪೆಟ್ಟಿಗೆಗಳಲ್ಲಿ ವಿಡಿಯೊ ನಕಲಾಗದಂತೆ ಕಾಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 ಅನ್ನೋ ಮಾನ್ಯತೆ ಬೇಕು, ಬರೀ ಕೆಳಮಟ್ಟದ ಎಲ್3 ಇದ್ದರೆ ಮುಖ್ಯ ಆ್ಯಪ್‌ಗಳು ಎಚ್‌ಡಿ ಕೊಡಲ್ಲ. ಹೆಸರಿಲ್ಲದ ಪೆಟ್ಟಿಗೆ ಕೊಳ್ಳೋ ಮುಂಚೆ ಇದನ್ನು ಕೇಳಿ.

ಹೊರಡೋ ಮುಂಚೆ ನಾನು ಎರಡು ಕೆಲಸ ಮಾಡುತ್ತೇನೆ. ಟಿವಿ ಪರದೆಯಲ್ಲಿ ಏನು ಓಡುತ್ತಿದೆ ಅಂತ ಗುರುತು ಹಿಡಿದು ಕಂಪನಿಗೆ ಕಳಿಸೋ ಎಸಿಆರ್ ಸೌಲಭ್ಯ ಆಫ್ ಮಾಡೋದು, ಎಲ್‌ಜಿಯಲ್ಲಿ ಇದರ ಹೆಸರು ಲೈವ್ ಪ್ಲಸ್, ಸ್ಯಾಮ್‌ಸಂಗ್‌ನಲ್ಲಿ ವ್ಯೂಯಿಂಗ್ ಇನ್‌ಫರ್ಮೇಶನ್ ಸರ್ವಿಸಸ್. ಆಮೇಲೆ ಮೊದಲ ಸಾಲಿನ ಆ್ಯಪ್‌ಗಳನ್ನು ಮನೆಯವರು ನೋಡುವ ಕ್ರಮದಲ್ಲಿ ಜೋಡಿಸೋದು. ಗೂಗಲ್ ಟಿವಿಯಲ್ಲಿ ಆ್ಯಪ್ ಮೇಲೆ ನಡುವಿನ ಬಟನ್ ಒತ್ತಿ ಹಿಡಿದರೆ ಮೂವ್ ಅಂತ ಬರುತ್ತೆ, ಬೇಕಾದ ಕಡೆ ಸರಿಸಬಹುದು.

ಹೋದ ವಾರ ರಾತ್ರಿ ಅಮ್ಮ ಫೋನ್ ಮಾಡಿದಳು. ಟಿವಿ ಕೆಟ್ಟಿತೇನೋ ಅಂದುಕೊಂಡೆ. "ಟಿವಿ ಚೆನ್ನಾಗೇ ಇದೆ. ನೀನು ಭಜನೆ ಬರೋದನ್ನ ಕೊನೆಗೆ ಹಾಕಿದ್ದೆ, ನಾನು ಎರಡನೇದಕ್ಕೆ ತಂದುಕೊಂಡೆ" ಅಂದಳು. ಹೇಗೆ ಮಾಡಿದೆ ಅಂತ ಕೇಳಿದೆ. "ನಡುವಿನ ಬಟನ್ ಬಿಡದೆ ಒತ್ತಿ ಹಿಡಿ, ಆಮೇಲೆ ಎಡಕ್ಕೆ" ಅಂತ ನಿಧಾನವಾಗಿ, ನನಗೆ ಅರ್ಥವಾಗೋ ಹಾಗೆ ಹೇಳಿಕೊಟ್ಟಳು.